ಕರೆ ಎತ್ತೋರ ಮನೆಯೇ ಮುಳುಗಿದ್ರೆ, ಕರೆ ಎತ್ತೋರು ಯಾರು?

(ಈ ವಾರದ ಸಂಚಿಕೆಯ ಪಠ್ಯರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಪ್ರವಾಹ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋ ಚಿತ್ರಗಳು ಯಾವುವು? ರಬ್ಬರ್ ದೋಣಿ, ಕಿತ್ತಳೆ ಬಣ್ಣದ ಸಮವಸ್ತ್ರದ ಎನ್‌ಡಿಆರ್‌ಎಫ್ ಸಿಬ್ಬಂದಿ, ಹೆಲಿಕಾಪ್ಟರ್‌ನಿಂದ ಇಳಿಬಿಟ್ಟ ಹಗ್ಗ. ಆದ್ರೆ ಆ ದೋಣಿ ಯಾವ ಬೀದಿಗೆ ಹೋಗಬೇಕು ಅಂತ ಹೇಳೋರು ಒಬ್ಬರು ಇರ್ತಾರೆ. ಅವರು ಯಾವ ಫೋಟೋದಲ್ಲೂ ಕಾಣೋದಿಲ್ಲ. ಒಂದು ಕೋಣೆಯಲ್ಲಿ ಹೆಡ್‌ಸೆಟ್ ಹಾಕಿ, ನಾಲ್ಕೈದು ಪರದೆ ಮುಂದೆ ಕೂತಿರ್ತಾರೆ. ತುರ್ತು ಕರೆಯನ್ನ ಎತ್ತೋರು ಅವರು.

ಇವತ್ತಿನ ಪ್ರಶ್ನೆ ಅವರ ಬಗ್ಗೆ. ಚಂಡಮಾರುತ ಇಡೀ ಊರಿಗೆ ಹೊಡೆದಾಗ ಆ ಕೋಣೆಯಲ್ಲಿರೋರೂ ಅದೇ ಊರಿನವರು. ಅವರ ಮನೆಗೂ ನೀರು ನುಗ್ಗಿದೆ, ಅವರ ಮಕ್ಕಳೂ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದು. ಹೀಗಿದ್ದಾಗ ಅವರ ಕುರ್ಚಿಯಲ್ಲಿ ಬಂದು ಕೂರೋರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿ, ಅದನ್ನ ಒಂದು ವ್ಯವಸ್ಥೆಯಾಗಿ ಮಾಡಿರೋ ಜಾಗ ಅಮೆರಿಕ. ಅದಕ್ಕೇ ಇವತ್ತು ಹೆಚ್ಚಿನ ಮಾತು ಅಲ್ಲಿಯದು. ಕೊನೆಯಲ್ಲಿ ನಮ್ಮ 112ಕ್ಕೂ ಬರ್ತೀನಿ.

ಆ ಕೋಣೆಯಲ್ಲಿ ಏನು ನಡೆಯುತ್ತೆ?

ಅಮೆರಿಕದ ತುರ್ತು ಸಂಖ್ಯೆ 911. ಇದರ ಮೊದಲ ಕರೆ ಹೋಗಿದ್ದು 1968ರ ಫೆಬ್ರವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಅನ್ನೋ ಸಣ್ಣ ಊರಲ್ಲಿ. ಈಗ ವರ್ಷಕ್ಕೆ ಅಂದಾಜು 24 ಕೋಟಿ ಕರೆ ಬರುತ್ತೆ ಅಂತ ಲೆಕ್ಕ. ಆದ್ರೆ ಅಷ್ಟೂ ಕರೆ ಒಂದೇ ಕಡೆ ಹೋಗಲ್ಲ. ದೇಶದಾದ್ಯಂತ ಸಾವಿರಾರು ಕೇಂದ್ರಗಳಿವೆ. ಹೆಚ್ಚಿನವು ಒಂದು ಕೌಂಟಿಗೋ ಒಂದು ನಗರಕ್ಕೋ ಸೇರಿದವು. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ ಅಂದ್ಕೊಳ್ಳಿ. ದೊಡ್ಡ ನಗರದ ಕೇಂದ್ರದಲ್ಲಿ ನೂರಾರು ಜನ ಇರ್ತಾರೆ. ಸಣ್ಣ ಕೌಂಟಿಯಲ್ಲಿ ರಾತ್ರಿ ಪಾಳಿಗೆ ಇಬ್ಬರೇ ಇರೋದೂ ಉಂಟು.

ಅಲ್ಲಿ ಮುಖ್ಯವಾಗಿ ಎರಡು ಕೆಲಸ. ಒಂದು, ಕರೆ ಎತ್ತಿ ಮಾತಾಡೋದು: ಎಲ್ಲಿದ್ದೀರಿ, ಏನಾಯ್ತು, ಉಸಿರಾಡ್ತಿದ್ದಾರಾ, ನೀರು ಎಷ್ಟು ಎತ್ತರ ಬಂದಿದೆ. ಇನ್ನೊಂದು, ರೇಡಿಯೋದಲ್ಲಿ ಪೊಲೀಸರನ್ನ, ಅಗ್ನಿಶಾಮಕ ದಳವನ್ನ, ಆಂಬುಲೆನ್ಸನ್ನ ಕಳಿಸೋದು. ಇದನ್ನ ಮಾಡೋರಿಗೆ ಡಿಸ್ಪ್ಯಾಚರ್ ಅಂತಾರೆ. ಸಣ್ಣ ಕೇಂದ್ರಗಳಲ್ಲಿ ಎರಡನ್ನೂ ಒಬ್ಬರೇ ಮಾಡ್ತಾರೆ. ಇಬ್ಬರಿಗೂ ಸೇರಿಸಿ ಅಲ್ಲಿ ಟೆಲಿಕಮ್ಯುನಿಕೇಟರ್ ಅನ್ನೋ ಹೆಸರಿದೆ.

ಇದು ಬರೀ ಫೋನ್ ಎತ್ತೋ ಕೆಲಸ ಅಂದ್ಕೋಬೇಡಿ. ಎದೆ ಬಡಿತ ನಿಂತವರ ಪಕ್ಕ ಕೂತಿರೋ ಮಗನಿಗೆ ಫೋನಲ್ಲೇ ಸಿಪಿಆರ್ ಹೇಳಿಕೊಡ್ತಾರೆ. ಹೆರಿಗೆ ಮಾಡಿಸ್ತಾರೆ. ನೀರು ಏರ್ತಿರೋ ಮನೆಯೊಳಗಿನ ಅಜ್ಜಿಗೆ ಮೇಲೆ ಹೋಗಿ ಅಂತ ಧೈರ್ಯ ಹೇಳ್ತಾರೆ. ಆಮೇಲೆ ಆ ಅಜ್ಜಿ ಉಳಿದರಾ ಇಲ್ವಾ ಅಂತ ಎಷ್ಟೋ ಸಲ ಅವರಿಗೆ ಗೊತ್ತೇ ಆಗೋದಿಲ್ಲ. ಅಷ್ಟರಲ್ಲಿ ಮುಂದಿನ ಕರೆ ಬಂದಿರುತ್ತೆ.

ಒಂದು ಸರಳ ಲೆಕ್ಕ

ಅಲ್ಲಿನ ತುರ್ತು ಕರೆ ವೃತ್ತಿಯವರ ಸಂಘ ನೇನಾ. ಅದರ ಮಾನದಂಡದ ಪ್ರಕಾರ ಶೇ 90ರಷ್ಟು ಕರೆಗಳನ್ನ 15 ಸೆಕೆಂಡಿನೊಳಗೆ ಎತ್ತಬೇಕು. ಸಾಮಾನ್ಯ ದಿನದಲ್ಲಿ ಇದು ಸಾಧ್ಯ. ವಿಪತ್ತಿನ ದಿನ ಏನಾಗುತ್ತೆ ಅಂತ ಒಂದು ಕಲ್ಪಿತ ಕೇಂದ್ರ ಇಟ್ಕೊಂಡು ನೋಡೋಣ.

ಹತ್ತು ಜನ ಕೂತಿದ್ದಾರೆ, ಒಂದು ಕರೆಗೆ ಮೂರು ನಿಮಿಷ ಬೇಕು ಅಂದ್ಕೊಳ್ಳಿ. ಒಬ್ಬರು ಗಂಟೆಗೆ 20 ಕರೆ, ಹತ್ತು ಜನ ಸೇರಿ 200. ಅದೂ ನೀರು ಕುಡಿಯೋಕೂ ಏಳದೆ ಇದ್ರೆ. ಮಾಮೂಲಿ ದಿನ ಗಂಟೆಗೆ 100 ಕರೆ ಬರೋ ಊರಾದ್ರೆ ಏನೂ ತೊಂದರೆಯಿಲ್ಲ. ಚಂಡಮಾರುತದ ರಾತ್ರಿ 500 ಬಂತು ಅನ್ನಿ. ಮೊದಲ ಗಂಟೆಯಲ್ಲೇ 300 ಜನ ಕಾಯ್ತಿದ್ದಾರೆ, ಎರಡನೇ ಗಂಟೆಗೆ 600. ಕಾದು ಬೇಸತ್ತವರು ಕಟ್ ಮಾಡಿ ಮತ್ತೆ ಡಯಲ್ ಮಾಡ್ತಾರೆ. ಆಗ ಅವರು ಸಾಲಿನ ಕೊನೆಗೆ ಹೋಗ್ತಾರೆ, ಸಾಲು ಇನ್ನೂ ಉದ್ದ ಆಗುತ್ತೆ. ಮಧ್ಯದಲ್ಲಿ ಕಟ್ ಆದ ಕರೆಗಳಿಗೆ ವಾಪಸ್ ಫೋನ್ ಮಾಡಿ ವಿಚಾರಿಸೋದೂ ಅಲ್ಲಿನ ರೂಢಿ. ಅಂದ್ರೆ ಕೆಲಸ ಮತ್ತಷ್ಟು ಹೆಚ್ಚು.

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತದ ಮಳೆ ಟೆಕ್ಸಾಸ್‌ನ ಹ್ಯೂಸ್ಟನ್ ನಗರವನ್ನ ಮುಳುಗಿಸಿದಾಗ ಆಗಿದ್ದು ಇದೇ. ಆ ನಗರದ 911 ಕೇಂದ್ರಕ್ಕೆ ದಿನನಿತ್ಯದ ಹಲವು ಪಟ್ಟು ಕರೆ ಬಂತು. ಸಾಲು ಎಷ್ಟು ಉದ್ದ ಆಯ್ತು ಅಂದ್ರೆ ಜನ ಟ್ವಿಟರ್‌ನಲ್ಲಿ, ಫೇಸ್‌ಬುಕ್‌ನಲ್ಲಿ ತಮ್ಮ ವಿಳಾಸ ಹಾಕಿ ಸಹಾಯ ಕೇಳಿದ್ರು. ದಯವಿಟ್ಟು ಕರೆ ಕಟ್ ಮಾಡಬೇಡಿ, ಲೈನಲ್ಲೇ ಇರಿ ಅಂತ ಅಧಿಕಾರಿಗಳು ಮತ್ತೆ ಮತ್ತೆ ಹೇಳಬೇಕಾಯ್ತು.

ಕತ್ರಿನಾ ಕಲಿಸಿದ್ದು

ಹಾರ್ವೆಗಿಂತ ಹನ್ನೆರಡು ವರ್ಷ ಹಿಂದೆ ಇದಕ್ಕಿಂತ ಕಠಿಣವಾದ ಪಾಠ ಸಿಕ್ಕಿತ್ತು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಸಿಯಾನಾ, ಮಿಸಿಸಿಪ್ಪಿ ರಾಜ್ಯಗಳ ಕರಾವಳಿಗೆ ಬಡಿಯಿತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ನೀರಲ್ಲಿ ನಿಂತಿತು. ಸಂಪರ್ಕ ವ್ಯವಸ್ಥೆಗೆ ಏನಾಯ್ತು ಅಂತ ಆಮೇಲೆ ಒಂದು ಅಧಿಕೃತ ಸಮಿತಿ ಲೆಕ್ಕ ಹಾಕಿತು. 30 ಲಕ್ಷಕ್ಕೂ ಹೆಚ್ಚು ದೂರವಾಣಿ ಸಂಪರ್ಕ ಹೋಗಿತ್ತು. 38 ತುರ್ತು ಕರೆ ಕೇಂದ್ರಗಳು ಕೆಲಸ ನಿಲ್ಲಿಸಿದ್ದವು.

ಈ ಅಂಕಿಗಳಿಗಿಂತ ನನಗೆ ಮುಖ್ಯ ಅನಿಸೋದು ಮನುಷ್ಯರ ಮಾತು. ಕೇಂದ್ರದ ಕಟ್ಟಡ ಉಳಿದಿದೆ, ಜನರೇಟರ್ ಓಡ್ತಿದೆ, ಫೋನ್ ರಿಂಗ್ ಆಗ್ತಿದೆ ಅಂತಲೇ ಇಟ್ಕೊಳ್ಳಿ. ಪಾಳಿ ಮುಗಿದ ಮೇಲೆ ಬದಲಿಗೆ ಬರಬೇಕಾದವರು ಬರೋಕಾಗಲ್ಲ, ಯಾಕಂದ್ರೆ ರಸ್ತೆಯೇ ಇಲ್ಲ. ಹಾಗಾಗಿ ಕೂತವರೇ ಕೂತಿರ್ತಾರೆ. ಹನ್ನೆರಡು ಗಂಟೆ, ಇಪ್ಪತ್ತನಾಲ್ಕು ಗಂಟೆ, ಎರಡನೇ ದಿನ. ನೆಲದ ಮೇಲೆ ಒಂದೆರಡು ಗಂಟೆ ಮಲಗಿ ಮತ್ತೆ ಹೆಡ್‌ಸೆಟ್. ಮನೆ ಇದೆಯಾ ಅಂತ ನೋಡೋಕೂ ಹೋಗಿರೋದಿಲ್ಲ. ನಿದ್ದೆಗೆಟ್ಟ ಮನುಷ್ಯ ಮನೆ ನಂಬರ್ ತಪ್ಪು ಕೇಳಿಸಿಕೊಳ್ಳೋಕೆ ಎಷ್ಟು ಹೊತ್ತು ಬೇಕು? 14ರ ಬದಲು 40 ಅಂತ ಟೈಪ್ ಮಾಡಿದ್ರೆ ದೋಣಿ ಇನ್ನೊಂದು ಬೀದಿಗೆ ಹೋಗುತ್ತೆ. ಸುಸ್ತಾದವರನ್ನ ಎಬ್ಬಿಸಿ ಕಳಿಸೋದು ಅವರ ಮೇಲಿನ ಕನಿಕರಕ್ಕೆ ಮಾತ್ರ ಅಲ್ಲ. ಕರೆ ಮಾಡ್ತಿರೋರ ಜೀವಕ್ಕೂ ಅದು ಬೇಕು.

ಮುಯ್ಯಾಳು ಲೆಕ್ಕ

ನಮ್ಮ ಹಳ್ಳಿ ಕಡೆಯವರಿಗೆ ಮುಯ್ಯಾಳು ಗೊತ್ತಿರುತ್ತೆ. ಇವತ್ತು ನಾಲ್ಕು ಮನೆಯವರು ಸೇರಿ ನಿಮ್ಮ ಗದ್ದೆ ನಾಟಿ ಮಾಡ್ತಾರೆ, ನಾಳೆ ನೀವು ಅವರ ಗದ್ದೆಗೆ ಹೋಗ್ತೀರಿ. ಕೂಲಿ ಮಾತಿಲ್ಲ, ಆಳಿಗೆ ಆಳು. ತುರ್ತು ಕರೆ ಕೇಂದ್ರಗಳು ಮಾಡಿಕೊಂಡಿದ್ದು ಹೆಚ್ಚುಕಮ್ಮಿ ಇದನ್ನೇ. ಈ ವರ್ಷ ನನ್ನ ಊರಿಗೆ ಚಂಡಮಾರುತ, ನಿನ್ನ ಜನ ಬಂದು ನನ್ನ ಕುರ್ಚಿಯಲ್ಲಿ ಕೂರಲಿ. ಮುಂದಿನ ವರ್ಷ ನಿನ್ನ ಊರಿಗೆ ಬಂದಾಗ ನಾನು ಕಳಿಸ್ತೀನಿ.

ಇದಕ್ಕೆ ಅಲ್ಲಿ ಟೆಲಿಕಮ್ಯುನಿಕೇಟರ್ ಎಮರ್ಜೆನ್ಸಿ ರೆಸ್ಪಾನ್ಸ್ ಟಾಸ್ಕ್‌ಫೋರ್ಸ್ ಅಂತ ಉದ್ದದ ಹೆಸರು. ಚಿಕ್ಕದಾಗಿ ಟರ್ಟ್. ಅಕ್ಕಪಕ್ಕದ ಕೇಂದ್ರಗಳು ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಜನ ಕಳಿಸೋದು ಹೊಸದೇನಲ್ಲ. 2000ದ ದಶಕದಲ್ಲಿ ಅಲ್ಲಿನ ಎರಡು ದೊಡ್ಡ ವೃತ್ತಿ ಸಂಘಗಳಾದ ಆಪ್ಕೋ ಮತ್ತು ನೇನಾ ಕೈಜೋಡಿಸಿ ಇದಕ್ಕೆ ದೇಶಮಟ್ಟದ ಒಂದು ರೂಪ ಕೊಟ್ಟವು. ಯಾರು ಹೋಗಬಹುದು, ಎಷ್ಟು ಅನುಭವ ಬೇಕು, ತಂಡದ ಮುಖ್ಯಸ್ಥರು ಏನು ಮಾಡಬೇಕು ಅನ್ನೋದಕ್ಕೆ ಮಾನದಂಡ ಬರೆದವು. ಅಲ್ಲಿನ ಕೇಂದ್ರೀಯ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಇದಕ್ಕಂತಲೇ ಐಎಸ್-144 ಅನ್ನೋ ಆನ್‌ಲೈನ್ ಕೋರ್ಸ್ ರೂಪಿಸಿತು. ಎಲ್ಲ ರಾಜ್ಯಗಳಲ್ಲೂ ಇಂಥ ತಂಡ ಇಲ್ಲ. ಚಂಡಮಾರುತಕ್ಕೆ ಪದೇ ಪದೇ ಸಿಗೋ ಫ್ಲೋರಿಡಾ, ನಾರ್ತ್ ಕೆರೊಲಿನಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಇವೆ.

ಒಳ್ಳೆ ಮನಸ್ಸೊಂದೇ ಸಾಕಾಗಲ್ಲ

ಊರೊಳಗಿನ ಮುಯ್ಯಿಗೆ ಕಾಗದಪತ್ರ ಬೇಡ, ಎಲ್ಲರಿಗೂ ಎಲ್ಲರ ಪರಿಚಯ ಇರುತ್ತೆ. ಸಾವಿರ ಕಿಲೋಮೀಟರ್ ದೂರದಿಂದ ಬರೋ ಅಪರಿಚಿತರಿಗೆ ಅದು ನಡೆಯಲ್ಲ. ಯೋಚಿಸಿ ನೋಡಿ. ಬಂದವರ ಸಂಬಳ ಯಾರು ಕೊಡಬೇಕು? ದಾರಿಯಲ್ಲಿ ಅಪಘಾತ ಆದ್ರೆ? ಅವರು ಕರೆ ನಿರ್ವಹಿಸುವಾಗ ತಪ್ಪಾಗಿ ಯಾರಾದ್ರೂ ಕೋರ್ಟಿಗೆ ಹೋದ್ರೆ? ಅವರ ರಾಜ್ಯದ ಪ್ರಮಾಣಪತ್ರ ಈ ರಾಜ್ಯದಲ್ಲಿ ನಡೆಯುತ್ತಾ?

ಈ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಟ್ಟಿರೋ ಒಪ್ಪಂದ ಒಂದಿದೆ. ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್ ಅಸಿಸ್ಟೆನ್ಸ್ ಕಾಂಪ್ಯಾಕ್ಟ್, ಬಾಯಲ್ಲಿ ಎಮ್ಯಾಕ್. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾವನ್ನ ಹಾಳುಗೆಡವಿದ ಮೇಲೆ ದಕ್ಷಿಣದ ರಾಜ್ಯಗಳ ಗವರ್ನರ್‌ಗಳು ಇದನ್ನ ಶುರು ಮಾಡಿದ್ರು. 1996ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು. ಈಗ ಎಲ್ಲ 50 ರಾಜ್ಯಗಳೂ ಇದರಲ್ಲಿವೆ.

ಇದು ನಡೆಯೋ ಕ್ರಮ ಹೀಗೆ. ಮೊದಲು ಹೊಡೆತ ತಿಂದ ರಾಜ್ಯದ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಬೇಕು. ಆಮೇಲೆ ಆ ರಾಜ್ಯ ತನಗೆ ಏನು ಬೇಕು ಅಂತ ನಿಖರವಾಗಿ ಕೇಳುತ್ತೆ: ಇಂಥ ಕೇಂದ್ರಕ್ಕೆ, ಇಷ್ಟು ಜನ, ಇಷ್ಟು ದಿನ. ಕೈಲಾದ ರಾಜ್ಯ ಖರ್ಚಿನ ಅಂದಾಜು ಸಮೇತ ಒಪ್ಪಿಕೊಳ್ಳುತ್ತೆ. ಎರಡೂ ಕಡೆ ಸಹಿ ಆದ ಮೇಲೆ ತಂಡ ಹೊರಡುತ್ತೆ. ಕಳಿಸಿದ ರಾಜ್ಯಕ್ಕೆ ಆದ ಖರ್ಚನ್ನ ಕೇಳಿದ ರಾಜ್ಯ ಕೊಡುತ್ತೆ. ಕೆಲಸದಲ್ಲಿ ಗಾಯ ಆದ್ರೆ ಪರಿಹಾರದ ಹೊಣೆ ಕಳಿಸಿದ ರಾಜ್ಯದ್ದು. ಪ್ರಾಮಾಣಿಕವಾಗಿ ಕೆಲಸ ಮಾಡಿದವರಿಗೆ ಕಾನೂನಿನ ರಕ್ಷಣೆ ಇರುತ್ತೆ. ಒಂದು ರಾಜ್ಯದ ಪರವಾನಗಿ, ಪ್ರಮಾಣಪತ್ರವನ್ನ ಇನ್ನೊಂದು ರಾಜ್ಯ ಆ ಅವಧಿಗೆ ಮಾನ್ಯ ಮಾಡುತ್ತೆ.

ಇದೆಲ್ಲ ಕೇಳೋಕೆ ಒಣ ವಿಷಯ ಅನಿಸಬಹುದು. ಆದ್ರೆ ಮನೆ ಮುಳುಗ್ತಿರೋ ಹೊತ್ತಲ್ಲಿ ಸಂಬಳ ಯಾರದು ಅಂತ ಚರ್ಚೆಗೆ ಕೂರೋಕಾಗುತ್ತಾ? ಬಿಸಿಲು ಇದ್ದಾಗ ಬರೆದಿಟ್ಟ ಕಾಗದ ಮಳೆ ಬಂದಾಗ ಕೆಲಸಕ್ಕೆ ಬರುತ್ತೆ.

ಇದೇ ಕಾರಣಕ್ಕೆ ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕರೆಯದೇ ಹೋಗಬಾರದು. ಟಿವಿಯಲ್ಲಿ ನೋಡಿ ಮರುಗಿ, ಕಾರು ಹತ್ತಿ ಹೊರಟುಬಿಡೋ ಹಾಗಿಲ್ಲ. ಹಾಗೆ ಬಂದವರಿಗೆ ಊಟ, ಹಾಸಿಗೆ, ನೀರು ಯಾರು ಕೊಡ್ತಾರೆ? ಮೊದಲೇ ಕೊರತೆ ಇರೋ ಊರಿಗೆ ಅವರೂ ಒಂದು ಭಾರ. ಅವರು ಖಾಲಿ ಬಿಟ್ಟು ಬಂದ ಕುರ್ಚಿಯ ಕಥೆ ಏನು? ಕಳಿಸೋ ಕೇಂದ್ರವೂ ತನ್ನ ಊರಿನ ಕರೆ ಎತ್ತಬೇಕಲ್ಲ.

ಹೊಸಬರು ಬಂದು ಕೂತಾಗ

ಈಗ ತಂಡ ಬಂತು ಅನ್ನಿ. ಸಾಮಾನ್ಯವಾಗಿ ಒಂದೆರಡು ವಾರದ ಮಟ್ಟಿಗೆ ಬರ್ತಾರೆ, ಹನ್ನೆರಡು ಗಂಟೆಯ ಪಾಳಿ ಮಾಮೂಲಿ. ಹೋಟೆಲ್ ಸಿಕ್ಕುತ್ತೆ ಅನ್ನೋ ಖಾತ್ರಿ ಇಲ್ಲ. ಮಲಗೋ ಚೀಲ, ಒಣ ಆಹಾರ, ಔಷಧ, ಟಾರ್ಚ್ ಎಲ್ಲ ತಾವೇ ಹೊತ್ಕೊಂಡು ಬರೋಕೆ ತಯಾರಿರಬೇಕು.

ಅವರ ಮುಂದೆ ಇರೋ ದೊಡ್ಡ ತೊಡಕು ಮೂರು. ಮೊದಲನೆಯದು ಸಾಫ್ಟ್‌ವೇರ್. ಕರೆಯ ವಿವರ ದಾಖಲಿಸಿ ವಾಹನ ಕಳಿಸೋ ತಂತ್ರಾಂಶ ಒಂದೊಂದು ಕೇಂದ್ರದಲ್ಲಿ ಒಂದೊಂದು ಕಂಪನಿಯದು. ಎರಡನೆಯದು ಭಾಷೆ. ಇಂಗ್ಲಿಷ್ ಒಂದೇ ಆದ್ರೂ ಪೊಲೀಸರ ರೇಡಿಯೋ ಸಂಕೇತಗಳು ಊರಿಂದ ಊರಿಗೆ ಬೇರೆ. ಒಂದು ಕಡೆ ಒಂದು ಅಂಕಿಗೆ ಅಪಘಾತ ಅಂತ ಅರ್ಥ, ಇನ್ನೊಂದು ಕಡೆ ಅದೇ ಅಂಕಿಗೆ ಬೇರೇನೋ. ವಿಪತ್ತಿನ ಹೊತ್ತಲ್ಲಿ ಸಂಕೇತ ಬಿಟ್ಟು ಸರಳ ಮಾತಲ್ಲಿ ಹೇಳಿ ಅಂತ ಅಲ್ಲಿ ಒತ್ತಾಯ ಮಾಡೋದು ಇದಕ್ಕೇ. ಮೂರನೆಯದು ಊರಿನ ಪರಿಚಯ. ಗಾಬರಿಯಲ್ಲಿರೋ ಜನ ವಿಳಾಸ ಹೇಳೋದಿಲ್ಲ, ಹಳೇ ಕಾರ್ಖಾನೆ ಹಿಂದೆ, ಚರ್ಚ್ ದಾಟಿ ಎಡಕ್ಕೆ ಅಂತಾರೆ. ಹೊರಗಿನವರಿಗೆ ಆ ಕಾರ್ಖಾನೆ ಎಲ್ಲಿ ಗೊತ್ತು?

ಹಾಗಾಗಿ ಕೆಲಸ ಹಂಚೋದ್ರಲ್ಲಿ ಒಂದು ಜಾಣತನ ಬೇಕು. ಬಂದವರಿಗೆ ಸಾಮಾನ್ಯವಾಗಿ ಕರೆ ಎತ್ತೋ ಕೆಲಸ ಕೊಡೋದು ಸುಲಭ, ಯಾಕಂದ್ರೆ ಕೇಳಬೇಕಾದ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಊರಿನ ಬೀದಿಬೀದಿ ಗೊತ್ತಿರೋ ಸ್ಥಳೀಯರು ರೇಡಿಯೋದಲ್ಲಿ ಕೂರ್ತಾರೆ. ಪ್ರತಿ ಪಾಳಿಯಲ್ಲೂ ಸ್ಥಳೀಯರು ಒಬ್ಬರಾದ್ರೂ ಪಕ್ಕದಲ್ಲಿದ್ರೆ, ಹಳೇ ಕಾರ್ಖಾನೆ ಯಾವುದು ಅಂತ ತಿರುಗಿ ಕೇಳಬಹುದು. ಉಳಿದವರು ಮನೆಗೆ ಹೋಗ್ತಾರೆ, ಮನೆ ಉಳಿದಿದ್ರೆ. ಚಾವಣಿಗೆ ಟಾರ್ಪಾಲ್ ಹಾಕ್ತಾರೆ, ವಿಮೆಯವರಿಗೆ ಫೋನ್ ಮಾಡ್ತಾರೆ, ಮಕ್ಕಳ ಮುಖ ನೋಡಿ ಎಂಟು ಗಂಟೆ ಮಲಗ್ತಾರೆ. ಬಂದ ತಂಡ ಕೊಡೋ ದೊಡ್ಡ ಸಹಾಯ ಈ ಎಂಟು ಗಂಟೆ.

ಬೇರೆ ಊರಲ್ಲೇ ಕರೆ ಎತ್ತಬಹುದಲ್ವಾ?

ಇಷ್ಟೊತ್ತಿಗೆ ನಿಮ್ಮಲ್ಲಿ ಕೆಲವರು ಇದನ್ನೇ ಯೋಚಿಸ್ತಿರಬಹುದು. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಜನರನ್ನ ಯಾಕೆ ಸಾಗಿಸಬೇಕು, ಕರೆಯನ್ನೇ ಬೇರೆ ಊರಿಗೆ ಕಳಿಸಿದ್ರೆ ಆಯ್ತಲ್ಲ?

ಅದೂ ನಡೀತಿದೆ. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾದಲ್ಲಿ ದಡ ಮುಟ್ಟಿದ ಹೆಲೀನ್ ಚಂಡಮಾರುತ ಮರುದಿನ ನೂರಾರು ಕಿಲೋಮೀಟರ್ ಒಳನಾಡಿನ ನಾರ್ತ್ ಕೆರೊಲಿನಾ ಬೆಟ್ಟಗಳ ಮೇಲೆ ಸುರಿಯಿತು. ಕಡಲಿಂದ ಅಷ್ಟು ದೂರದ ಊರುಗಳವು. ಆಶ್‌ವಿಲ್ ನಗರದ ಸುತ್ತಮುತ್ತ ಹೊಳೆಗಳು ಉಕ್ಕಿ ಸೇತುವೆ, ರಸ್ತೆ, ಮೊಬೈಲ್ ಟವರ್, ಕೇಬಲ್ ಎಲ್ಲ ಕೊಚ್ಚಿಹೋದವು. ಆ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ರಾಜ್ಯದ 911 ಕೇಂದ್ರಗಳನ್ನ ಇಂಟರ್ನೆಟ್ ಮಾದರಿಯ ಒಂದೇ ಜಾಲಕ್ಕೆ ಸೇರಿಸೋ ಕೆಲಸ ಮೊದಲೇ ಆಗಿತ್ತು. ಹಾಗಾಗಿ ಬೆಟ್ಟದ ಕೇಂದ್ರಗಳಿಗೆ ತಲುಪದ ಕರೆಗಳನ್ನ ರಾಜ್ಯದ ಬೇರೆ ಕಡೆಯ ಕೇಂದ್ರಗಳು ಎತ್ತಿದವು. ಜೊತೆಗೆ ಟರ್ಟ್ ತಂಡಗಳೂ ಹೋದವು.

ಎರಡೂ ಯಾಕೆ ಬೇಕು ಅನ್ನೋದೇ ಇಲ್ಲಿ ತಿಳ್ಕೋಬೇಕಾದ ವಿಷಯ. ಮೊದಲ ಕೆಲವು ಗಂಟೆಗಳಲ್ಲಿ ಕರೆ ಒಮ್ಮೆಲೇ ಉಕ್ಕುತ್ತೆ. ಆಗ ಯಾವ ತಂಡವೂ ಬಂದು ತಲುಪಿರಲ್ಲ. ಬಂದ್ರೂ ಕೂರೋಕೆ ಕುರ್ಚಿ, ಪರದೆ ಇರೋದು ಇಷ್ಟೇ ಅಂತ ಲೆಕ್ಕ. ಆ ಹೊತ್ತಿಗೆ ಕರೆಯನ್ನ ಬೇರೆಡೆಗೆ ತಿರುಗಿಸೋದೇ ದಾರಿ. ಆದ್ರೆ ಮೂರನೇ ದಿನ, ಹತ್ತನೇ ದಿನದ ಕೆಲಸ ಬೇರೆ. ಅಣ್ಣನ ಫೋನ್ ಸಿಕ್ತಿಲ್ಲ, ಒಮ್ಮೆ ಯಾರಾದ್ರೂ ಹೋಗಿ ನೋಡ್ತೀರಾ ಅಂತ ದೂರದ ಊರುಗಳಿಂದ ಕರೆ ಬರ್ತಾನೇ ಇರುತ್ತೆ. ಆಕ್ಸಿಜನ್ ಸಿಲಿಂಡರ್ ಮುಗೀತು, ಡಯಾಲಿಸಿಸ್ ತಪ್ಪಿತು ಅನ್ನೋ ಕರೆಗಳು ಶುರು ಆಗುತ್ತೆ. ಆಶ್‌ವಿಲ್‌ನಲ್ಲಿ ನಲ್ಲಿಗೆ ಮತ್ತೆ ಕುಡಿಯೋ ನೀರು ಬರೋಕೆ ಏಳು ವಾರಕ್ಕೂ ಹೆಚ್ಚು ಹಿಡೀತು. ಅಷ್ಟು ದಿನ ಊರವರ ಜೊತೆ, ಊರಿನ ಕೋಣೆಯಲ್ಲೇ ಕೂರೋ ಜನ ಬೇಕು. ಬೀಸೋ ಗಾಳಿಗೆ ತಂತ್ರಜ್ಞಾನ, ಗಾಳಿ ನಿಂತ ಮೇಲಿನ ವಾರಗಳಿಗೆ ಮನುಷ್ಯರು. ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ.

ಇನ್ನೊಂದು ವಿಷಯ ಹೇಳಲೇಬೇಕು. ಇಷ್ಟೆಲ್ಲ ಮಾಡೋ ಈ ಜನರನ್ನ ಅಮೆರಿಕ ಸರ್ಕಾರದ ಉದ್ಯೋಗ ವರ್ಗೀಕರಣ 2018ರ ಪರಿಷ್ಕರಣೆಯಲ್ಲೂ ಇಟ್ಟಿದ್ದು ಕಚೇರಿ ಮತ್ತು ಆಡಳಿತ ಸಹಾಯಕರ ಗುಂಪಿನಲ್ಲಿ, ಪೊಲೀಸ್, ಅಗ್ನಿಶಾಮಕದವರ ಜೊತೆ ಅಲ್ಲ. ಇದನ್ನ ಬದಲಿಸಬೇಕು ಅಂತ 911 ಸೇವ್ಸ್ ಆಕ್ಟ್ ಅನ್ನೋ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಹಲವು ಸಲ ಮಂಡನೆ ಆಗಿದೆ. ಹೆಸರಲ್ಲೇನಿದೆ ಅನ್ನಬಹುದು. ಗುಮಾಸ್ತರು ಅಂತ ಪಟ್ಟಿಯಲ್ಲಿ ಬರೆದ್ರೆ ಸಂಬಳ, ತರಬೇತಿ, ಮಾನಸಿಕ ಆರೋಗ್ಯದ ನೆರವು ಎಲ್ಲವನ್ನೂ ಅದೇ ಅಳತೆಯಲ್ಲಿ ನೋಡ್ತಾರೆ. ಕೆಲಸ ಬಿಟ್ಟು ಹೋಗೋರು ಹೆಚ್ಚಿ, ಹುದ್ದೆ ಖಾಲಿ ಉಳಿದ್ರೆ, ಮುಯ್ಯಿಗೆ ಕಳಿಸೋಕೆ ಆಳಾದ್ರೂ ಎಲ್ಲಿ?

ನಮ್ಮ 112

ಈಗ ನಮ್ಮ ಮನೆಗೆ ಬರೋಣ. ಭಾರತದಲ್ಲಿ ಎಲ್ಲ ತುರ್ತು ಸೇವೆಗೂ ಒಂದೇ ಸಂಖ್ಯೆ ಅಂತ 112 ಬಂದಿದೆ. ಕರ್ನಾಟಕದಲ್ಲಿ ಇದು 2019ರಿಂದ ಇದೆ. ನಮ್ಮ ರಚನೆ ಅಮೆರಿಕದ್ದಕ್ಕಿಂತ ಬೇರೆ. ಅಲ್ಲಿ ಕೌಂಟಿಗೊಂದು ಕೇಂದ್ರ. ಇಲ್ಲಿ ರಾಜ್ಯಮಟ್ಟದ ಕೇಂದ್ರ ಕರೆ ಎತ್ತಿ, ಜಿಲ್ಲೆಯ ಘಟಕಕ್ಕೆ ದಾಟಿಸುತ್ತೆ. ಇದಲ್ಲದೆ ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077.

ಈ ರಚನೆಯಲ್ಲಿ ಒಂದು ಅನುಕೂಲ ಇದೆ. ಕೊಡಗಿನಲ್ಲಿ 2018ರಂತೆ ಗುಡ್ಡ ಕುಸಿದ್ರೂ ದೂರದ ಕೇಂದ್ರದಲ್ಲಿ 112 ಎತ್ತೋರ ಮನೆ ಕುಸಿದಿರೋದಿಲ್ಲ. ಒಂದು ತೊಡಕೂ ಇದೆ. ಹಳೇ ಕಾರ್ಖಾನೆ ಹಿಂದೆ ಅನ್ನೋ ಮಾತು ದೂರದ ಕೇಂದ್ರಕ್ಕೆ ದಿನವೂ ಎದುರಾಗುತ್ತೆ. ತುಳು, ಕೊಡವ, ಬ್ಯಾರಿ, ಕೊಂಕಣಿ ಮನೆಮಾತಿನವರು ಗಾಬರಿಯಲ್ಲಿ ಯಾವ ಭಾಷೆಯಲ್ಲಿ ಕೂಗ್ತಾರೆ? ಜಿಲ್ಲಾ ಕಂಟ್ರೋಲ್ ರೂಮಿನ ಕಥೆ ಮತ್ತೆ ಬೇರೆ. ಮಳೆಗಾಲದಲ್ಲಿ 1077ರ ಕರೆ ಎತ್ತೋ ಸಿಬ್ಬಂದಿ ಅದೇ ಜಿಲ್ಲೆಯವರು. ಅಲ್ಲಿ ಮೂರನೇ ರಾತ್ರಿ ಪಾಳಿಗೆ ಪಕ್ಕದ ಜಿಲ್ಲೆಯಿಂದ ತರಬೇತಾದ ನಾಲ್ಕು ಜನ ಬಂದು ಕೂತ್ರೆ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಯೋಚಿಸಿ.

ರಾಜ್ಯ ರಾಜ್ಯಗಳ ನಡುವೆ ಇದನ್ನ ಮಾಡೋದು ನಮ್ಮಲ್ಲಿ ಅಮೆರಿಕದಷ್ಟು ಸುಲಭ ಅಲ್ಲ. ಕಾರಣ ಭಾಷೆ. ಒಡಿಶಾದ ಚಂಡಮಾರುತಕ್ಕೆ ಮೈಸೂರಿನವರು ಹೋಗಿ ಕರೆ ಎತ್ತೋಕಾಗಲ್ಲ. ಆದ್ರೆ ಗಡಿ ಜಿಲ್ಲೆಗಳನ್ನ ನೋಡಿ. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವರಿದ್ದಾರೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಆಡೋರಿದ್ದಾರೆ. ಕೃಷ್ಣಾ ನದಿ ಉಕ್ಕಿದಾಗ ನೀರು ಮಹಾರಾಷ್ಟ್ರ, ಕರ್ನಾಟಕ ಅಂತ ಗಡಿ ನೋಡಲ್ಲ. ನಮಗೆ ಹೊಂದೋ ಮುಯ್ಯಿ ಯಾವ ರೂಪದ್ದು ಅನ್ನೋದನ್ನ ಭಾಷೆಯಿಂದಲೇ ಶುರು ಮಾಡಿ ಯೋಚಿಸಬೇಕಾಗುತ್ತೆ. ಅದನ್ನ ಯೋಚಿಸಬೇಕಾದ ಕಾಲ ಜನವರಿ, ಫೆಬ್ರವರಿ. ಜುಲೈ ಅಲ್ಲ.

ನಿಮ್ಮ ಕೈಯಲ್ಲಿರೋದು

ಮುಗಿಸೋ ಮುಂಚೆ ನೀವೇ ಮಾಡಬಹುದಾದ ನಾಲ್ಕು ಕೆಲಸ ಹೇಳ್ತೀನಿ. ಕರೆ ಎತ್ತೋರ ಹೊರೆ ಇಳಿಸೋದೂ ಒಂದು ಸಹಾಯವೇ.

ಒಂದು, ಕರೆ ಮಾಡಿದ ಕೂಡಲೇ ಮೊದಲು ಜಾಗ ಹೇಳಿ. ಊರು, ತಾಲ್ಲೂಕು, ಹತ್ತಿರದ ಗುರುತು. ಲೈನ್ ಕಟ್ ಆದ್ರೂ ಅಷ್ಟು ಗೊತ್ತಿದ್ರೆ ಯಾರನ್ನಾದ್ರೂ ಕಳಿಸಬಹುದು.

ಎರಡು, ತಕ್ಷಣ ಎತ್ತದಿದ್ರೆ ಕಟ್ ಮಾಡಿ ಮತ್ತೆ ಮತ್ತೆ ಡಯಲ್ ಮಾಡಬೇಡಿ. ರಿಂಗ್ ಆಗ್ತಿದ್ರೆ ಕಾಯಿರಿ.

ಮೂರು, ಜೀವಕ್ಕೆ ಅಪಾಯ ಇಲ್ಲದ ವಿಚಾರಕ್ಕೆ, ಅಂದ್ರೆ ಕರೆಂಟ್ ಯಾವಾಗ ಬರುತ್ತೆ, ಶಾಲೆಗೆ ರಜೆ ಇದೆಯಾ ಅಂತೆಲ್ಲ ಕೇಳೋಕೆ 112 ಬಳಸಬೇಡಿ. ಆ ಮೂರು ನಿಮಿಷ ಯಾರದೋ ಜೀವ.

ನಾಲ್ಕು, 112 ಇಂಡಿಯಾ ಆ್ಯಪನ್ನ ಇವತ್ತೇ ಹಾಕ್ಕೊಳ್ಳಿ. ಅದು ನೀವಿರೋ ಜಾಗವನ್ನೂ ಕಳಿಸುತ್ತೆ. ಅಮ್ಮ, ಅಪ್ಪನ ಫೋನಿಗೂ ಹಾಕಿಕೊಟ್ಟು, ಹೇಗೆ ಬಳಸೋದು ಅಂತ ಒಮ್ಮೆ ತೋರಿಸಿ.

ನಿಮ್ಮಲ್ಲಿ ಯಾರಾದ್ರೂ ಅಥವಾ ನಿಮ್ಮ ಮನೆಯವರು ಯಾರಾದ್ರೂ 112, 108, ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡ್ತಿದ್ರೆ ನಮಗೆ ವಾಯ್ಸ್ ನೋಟ್ ಕಳಿಸಿ. ಮಳೆಗಾಲದ ಒಂದು ರಾತ್ರಿ ಪಾಳಿ ಹೇಗಿರುತ್ತೆ, ಬದಲಿಗೆ ಯಾರೂ ಬರದಿದ್ದಾಗ ಏನು ಮಾಡ್ತೀರಿ ಅಂತ ಹೇಳಿ. ಹೆಸರು ಹಾಕಬೇಡಿ ಅಂದ್ರೆ ಹಾಕಲ್ಲ. ಅದನ್ನಿಟ್ಕೊಂಡು ಇನ್ನೊಂದು ಸಂಚಿಕೆ ಮಾಡೋಣ.

ಮತ್ತೆ ಮುಂದಿನ ವಾರ ಸಿಗೋಣ. ನಮಸ್ಕಾರ.